ಬ್ರೇಕ್ ಒತ್ತಿದಾಗ ಟಕ್ ಅಂದರೆ ಒಮ್ಮೆ ರಿವರ್ಸ್ ಹಾಕಿ ನೋಡಿ

ಕಾರಿನ ಮುಂದಿನ ಚಕ್ರದ ಕಡೆಯಿಂದ ಟಕ್ ಅನ್ನೋ ಸದ್ದು ಬರುತ್ತಿದ್ದರೆ, ಗ್ಯಾರೇಜಿಗೆ ಹೋಗುವ ಮೊದಲು ಖಾಲಿ ಜಾಗದಲ್ಲಿ ನಿಧಾನಕ್ಕೆ ಮುಂದೆ ಹೋಗುತ್ತಾ ಎರಡು ಮೂರು ಸಲ ಬ್ರೇಕ್ ಒತ್ತಿ, ಆಮೇಲೆ ರಿವರ್ಸಿನಲ್ಲೂ ಹಾಗೇ ಮಾಡಿ, ಮತ್ತೆ ಮುಂದೆ. ದಿಕ್ಕು ಬದಲಾದ ಮೇಲಿನ ಮೊದಲ ಬ್ರೇಕಿಗೆ ಮಾತ್ರ ಒಂದು ಟಕ್ ಬಂದು ಸುಮ್ಮನಾದರೆ ಹೆಚ್ಚಿನ ಸಲ ಅದು ಬ್ರೇಕ್ ಪ್ಯಾಡ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ತುಂಡು. ಡಿಸ್ಕ್ ತಾನು ತಿರುಗುವ ಕಡೆಗೆ ಪ್ಯಾಡನ್ನು ಎಳೆಯುತ್ತದೆ, ಪ್ಯಾಡನ್ನು ಹಿಡಿದಿಡುವ ಕ್ಲಿಪ್ ಸಡಿಲವಾಗಿದ್ದರೆ ಪ್ಯಾಡ್ ಜರುಗಿ ತಾನು ಕೂತಿರುವ ಬ್ರಾಕೆಟ್ಟಿಗೆ ಬಡಿಯುತ್ತದೆ. ಪ್ಯಾಡ್ ಹೊಸದು ಹಾಕಿ ಕ್ಲಿಪ್ ಹಳೇದನ್ನೇ ಬಿಟ್ಟಿರುತ್ತಾರೆ, ಕೇಳಿ ಹೊಸದು ಹಾಕಿಸಿ. ಆದರೆ ಲೋವರ್ ಆರ್ಮ್ ಬುಷ್ (ಚಕ್ರವನ್ನು ಗಾಡಿಯ ಅಡಿಗೆ ಜೋಡಿಸುವ ತೋಳಿನ ರಬ್ಬರ್) ಹೋಗಿದ್ದರೂ ಹೀಗೇ ಸದ್ದು ಬರುತ್ತದೆ, ಅಲ್ಲಿ ಈ ಉಪಾಯ ಕೈಕೊಡುತ್ತದೆ. ಗುಂಡಿಗೆ ಇಳಿದಾಗಲೂ ದಡ್ ಅಂದರೆ ಬುಷ್ ನೋಡಿಸಿ. ಚಕ್ರ ಸುತ್ತುವ ಲೆಕ್ಕಕ್ಕೆ ಟಿಕ್ ಟಿಕ್ ಅಂದರೆ ಬೇರೆ ಕಥೆ. ನಮ್ಮ ಚಿಕ್ಕಮಗಳೂರಿನ ಎಸ್ಟೇಟ್ ರಸ್ತೆಗಳಲ್ಲಿ ಟೈರಿಗೆ ಸಿಕ್ಕಿಕೊಂಡ ಜಲ್ಲಿಯೇ ಇರಬಹುದು, ಮೊದಲು ಅದನ್ನು ನೋಡಿ, ಸುಮ್ನೆ ದುಡ್ಡು ಯಾಕೆ ಅಲ್ವಾ? ಪೆಡಲ್ ಮೆತ್ತಗಾಗಿದ್ದರೆ ಅಥವಾ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆದರೆ ಮಾತ್ರ ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಮೆಕ್ಯಾನಿಕ್ಕಿಗೆ ತೋರಿಸದೆ ಚಾರ್ಮಾಡಿ ಘಾಟಿ ಇಳಿಯಬೇಡಿ.