ಮಲೆನಾಡಿನ ಮಳೆಗೆ ತಡೆಯುವ ಫ್ಯಾಮಿಲಿ ಟೆಂಟ್: ಕೊಳ್ಳುವ ಮುಂಚೆ ಇಷ್ಟು ನೋಡಿ

'ನಾಲ್ಕು ಜನರ ಟೆಂಟ್' ಅಂದರೆ ನಾಲ್ವರು ಹೆಗಲಿಗೆ ಹೆಗಲು ತಾಗಿಸಿ ಮಲಗಬಹುದು, ಅಷ್ಟೇ. ತಲಾ 55–60 ಸೆಂ.ಮೀ. ಅಗಲದ ಲೆಕ್ಕ ಅದು. ಇಬ್ಬರು ಮಕ್ಕಳಿರುವ ಮನೆಯವರು ಆರು ಜನರದ್ದೇ ತಗೊಳ್ಳಿ, ಬ್ಯಾಗುಗಳೂ ಒಳಗೇ ಇರಬೇಕಲ್ಲ.

ಮೊದಲು ಟೆಂಟನ್ನು ಎತ್ತಿ ನಿಲ್ಲಿಸುವ ಕಡ್ಡಿಗಳನ್ನು ನೋಡಿ. ತೆಳು ಫೈಬರ್‌ಗ್ಲಾಸ್ ಕಡ್ಡಿ ಜೋರು ಗಾಳಿಗೆ ಬಾಗಿದಾಗ ಲೋಹದ ಕೊಳವೆಗೆ ಸೇರುವ ಜಾಗದಲ್ಲಿ ಉದ್ದಕ್ಕೆ ಸೀಳುತ್ತದೆ. ಆ ಸಿಬಿರು ಬಟ್ಟೆಯನ್ನೂ ಹರಿಯುತ್ತದೆ. ಅಲ್ಯೂಮಿನಿಯಂ ಕಡ್ಡಿ ಸಾಮಾನ್ಯವಾಗಿ ಮುರಿಯುವ ಮುಂಚೆ ಬಾಗುತ್ತದೆ. ಮುರಿದರೂ ಮೇಲೊಂದು ತುಂಡು ಕೊಳವೆ ಏರಿಸಿ ಟೇಪ್ ಸುತ್ತಿದರೆ ಆ ರಾತ್ರಿ ದಾಟುತ್ತದೆ. ದುಡ್ಡು ಹೆಚ್ಚಾದರೂ ಇದೇ ಮೇಲು.

ನೀರು ತಡೆಯುವ ಅಂಕಿ, ಅಂದರೆ ಬಟ್ಟೆ ಸೋರದೆ ಎಷ್ಟು ಎತ್ತರದ ನೀರಿನ ಒತ್ತಡ ತಾಳುತ್ತದೆ ಎನ್ನುವ ಲೆಕ್ಕ, ಹೊರಹೊದಿಕೆಗೆ 3000 ಮಿ.ಮೀ. ಆಸುಪಾಸು ಇರಲಿ. ನೆಲಕ್ಕೆ ಇನ್ನೂ ಹೆಚ್ಚು ಬೇಕು, ಯಾಕೆಂದರೆ ಮಂಡಿಯೂರಿದರೆ ಅಲ್ಲಿ ಒತ್ತಡ ಬಿದ್ದು ತೇವ ಮೇಲೆ ಬರುತ್ತದೆ. ಹೊಲಿಗೆಗಳ ಒಳಬದಿಯಲ್ಲಿ ಟೇಪ್ ಅಂಟಿಸಿದೆಯೇ ಅಂತ ಬೆರಳಾಡಿಸಿ ನೋಡಿ. ಟೆಂಟಿನ ನೆತ್ತಿಯ ಮೇಲಷ್ಟೇ ಟೋಪಿಯಂತೆ ಕೂತ ಚಿಕ್ಕ ಹೊದಿಕೆ ಬೇಡವೇ ಬೇಡ, ಅಡ್ಡಮಳೆ ಜಾಲರಿಯಿಂದ ನೇರ ಹಾಸಿಗೆಗೆ ಬರುತ್ತದೆ.

ಜೊತೆಗೆ ಬರುವ ತಂತಿ ಗೂಟಗಳು ಜಂಬಿಟ್ಟಿಗೆ ನೆಲದಲ್ಲಿ ಬಾಗಿಬಿಡುತ್ತವೆ, 20 ಸೆಂ.ಮೀ.ಗಿಂತ ಉದ್ದದ ಗಟ್ಟಿ ಗೂಟ ಬೇರೆ ತನ್ನಿ. ಕೆಳಗೆ ಹಾಸುವ ಟಾರ್ಪಾಲು ಟೆಂಟಿನ ನೆಲಕ್ಕಿಂತ ಸುತ್ತಲೂ ನಾಲ್ಕು ಬೆರಳು ಚಿಕ್ಕದಿರಲಿ. ಹೊರಗೆ ಚಾಚಿದರೆ ಮಳೆನೀರನ್ನು ಹಿಡಿದು ಟೆಂಟಿನಡಿಗೇ ತರುತ್ತದೆ.

ಹೊರಡುವ ಮುಂಚೆ ಅಂಗಳದಲ್ಲಿ ಕಟ್ಟಿ, ಹತ್ತು ನಿಮಿಷ ಪೈಪಿನಿಂದ ನೀರು ಬಿಟ್ಟು ಮೂಲೆಗಳನ್ನು ಮುಟ್ಟಿ ನೋಡಿ.