ಭಾನುವಾರದ ಎಣ್ಣೆ ಸ್ನಾನಕ್ಕೆ ಅವಸರ ಸಲ್ಲದು

ಸಂಜೆ ಔಟರ್ ರಿಂಗ್ ರಸ್ತೆಯ ದಟ್ಟಣೆ ದಾಟಿ ಮನೆ ಸೇರುವ ನಮ್ಮ ಮಕ್ಕಳು, ಮೊಮ್ಮಕ್ಕಳು ಮೊದಲು ಮಾಡುವ ಕೆಲಸವೆಂದರೆ ಸೋಫಾದ ಮೇಲೆ ಕುಸಿದು ಮೊಬೈಲ್ ಹಿಡಿಯುವುದು. ಏನಾಯಿತೆಂದು ಕೇಳಿದರೆ ‘ಸ್ಟ್ರೆಸ್ಸು ಅಜ್ಜಿ, ಸ್ವಲ್ಪ ರಿಲ್ಯಾಕ್ಸ್ ಮಾಡ್ತಿದೀನಿ’ ಎಂಬ ಉತ್ತರ ಬರುತ್ತದೆ. ಹಗಲೆಲ್ಲ ಪರದೆ ನೋಡಿ ದಣಿದ ಕಣ್ಣನ್ನೂ ಬಗ್ಗಿ ಬಗ್ಗಿ ಬಿಗಿದುಕೊಂಡ ಕತ್ತನ್ನೂ ಅದೇ ಭಂಗಿಯಲ್ಲಿ ಇನ್ನೊಂದು ಗಂಟೆ ದುಡಿಸುವುದು ಯಾವ ಬಗೆಯ ವಿಶ್ರಾಂತಿಯೋ ನಾನರಿಯೆ. ದಣಿವು ಮೈಯಲ್ಲಿ ಕುಳಿತಿರುವಾಗ ಮನಸ್ಸಿಗೆ ಮಾತ್ರ ಸಮಾಧಾನ ಹೇಳಹೊರಟರೆ ಅದು ಕೇಳುವುದಿಲ್ಲ. ಮೊದಲು ಮೈ ಸಡಿಲವಾಗಬೇಕು.

ಮನೆಗೆ ಬಂದ ಕೂಡಲೇ ಕೈಕಾಲು ಮುಖ ತೊಳೆದು, ಹೊರಗಿನ ಬಟ್ಟೆ ಬದಲಿಸಿ, ಸ್ವಲ್ಪ ಹೊತ್ತು ಯಾರೊಂದಿಗೂ ಆಫೀಸಿನ ವಿಷಯವೆತ್ತದೆ ಕುಳಿತರೆ ಅರ್ಧ ಸಿಡುಕು ಅಲ್ಲಿಗೇ ಇಳಿಯುತ್ತದೆ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಹೊರಬಿಡಬೇಕು. ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ತುಸು ನಿಧಾನವಾಗುವುದರಿಂದ ಇದಕ್ಕೆ ಬೇರೆ ಮಂತ್ರ ಬೇಕಿಲ್ಲ. ರಾತ್ರಿ ಏಳು ಗಂಟೆಗೆ ಲೋಟದ ತುಂಬ ಗಟ್ಟಿ ಡಿಕಾಕ್ಷನ್ ಕಾಫಿ ಕುಡಿದು ಹನ್ನೆರಡಕ್ಕೆ ನಿದ್ದೆ ಬರಲಿಲ್ಲವೆಂದು ಗೋಳಿಡುವವರಿಗೆ ನಾನು ಮರುಗುವುದಿಲ್ಲ, ಏಕೆಂದರೆ ಕಾಫಿಯ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯುವುದಕ್ಕೇ ಸುಮಾರು 5 ಗಂಟೆ ಬೇಕಾಗುತ್ತದೆ. ಜಯನಗರದ ಕಡೆಯವರಿಗೆ 240 ಎಕರೆಯ ಲಾಲ್‌ಬಾಗ್ ಇದೆ. ಅಲ್ಲಿಗೂ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಮೀಟಿಂಗಿನಲ್ಲಿ ಮಾತನಾಡುತ್ತಲೇ ನಡೆಯುವುದಾದರೆ ಮನೆಯ ವರಾಂಡವೇ ಸಾಕು. ನಾನು ಹೇಳುತ್ತಿರುವುದೆಲ್ಲ ದಿನನಿತ್ಯದ ಒತ್ತಡದ ಮಾತು. ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆನಿಸುತ್ತಿದ್ದರೆ ಅದನ್ನು ಎಣ್ಣೆಯಲ್ಲಿ ತಿಕ್ಕಿ ತೆಗೆಯಲಾಗದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಕೂಡ ಇದೆ. ಹೋಗುವುದಕ್ಕೆ ನಾಚಿಕೆಪಡಬೇಕಾದ ಕಾಲ ಇದಲ್ಲ.

ಇನ್ನು ಎಣ್ಣೆ ಸ್ನಾನ. ಇದನ್ನು ಈಗಿನವರು ಮಾಡುವ ರೀತಿಯನ್ನು ನೋಡಿಯೇ ಇಷ್ಟು ಬರೆಯಲು ಕುಳಿತಿದ್ದೇನೆ. ಸೀಸೆಯಿಂದ ತಣ್ಣನೆಯ ಎಣ್ಣೆಯನ್ನು ಅಂಗೈಗೆ ಸುರಿದು, ಕೂದಲ ಮೇಲೆ ಸವರಿ, ಆ ಜಿಡ್ಡುಗೈಯಲ್ಲಿಯೇ ಮೊಬೈಲ್ ನೋಡಿ, ಹತ್ತು ನಿಮಿಷಕ್ಕೆ ಷವರಿನ ಕೆಳಗೆ ನಿಂತು ಶಾಂಪೂ ಹಾಕಿ ತೊಳೆದುಕೊಂಡು ಬಂದು ‘ಏನೂ ವ್ಯತ್ಯಾಸ ಕಾಣಲಿಲ್ಲ’ ಎನ್ನುತ್ತಾರೆ. ಕಾಣುವುದಾದರೂ ಹೇಗೆ? ಎಣ್ಣೆ ಕೂದಲಿಗಷ್ಟೇ ತಾಗಿದೆ, ನೆತ್ತಿಗೆ ಮುಟ್ಟಿಯೇ ಇಲ್ಲ.

ಹರಳೆಣ್ಣೆ ಬಹಳ ಮಂದವಾದದ್ದರಿಂದ ಅದೊಂದನ್ನೇ ಹಚ್ಚಿದರೆ ಕೈ ಜಾರುವುದಿಲ್ಲ, ತೊಳೆಯುವಾಗ ಬಿಡುವುದೂ ಇಲ್ಲ. ಆದ್ದರಿಂದ ತಲೆಗೆ ಕೊಬ್ಬರಿ ಎಣ್ಣೆಯ ಜೊತೆಗೆ ಕೈಯಂದಾಜಿನಲ್ಲಿ ಸ್ವಲ್ಪವೇ ಹರಳೆಣ್ಣೆ ಬೆರೆಸಬೇಕು. ಮೈಗೆ ಎಳ್ಳೆಣ್ಣೆಯೇ ಸರಿ, ಅದರಲ್ಲಿಯೂ ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಕುಳಿತಿರುವಾಗ. ಎಣ್ಣೆಯನ್ನು ಒಲೆಯ ಮೇಲೆ ನೇರವಾಗಿ ಕಾಯಿಸಕೂಡದು. ಪಾತ್ರೆಯೊಂದರಲ್ಲಿ ಬಿಸಿನೀರಿಟ್ಟು ಅದರೊಳಗೆ ಎಣ್ಣೆಯ ಬಟ್ಟಲನ್ನು ಕೂರಿಸಿದರೆ ತಾನಾಗಿಯೇ ಬೆಚ್ಚಗಾಗುತ್ತದೆ. ಮುಂಗೈಯ ಒಳಭಾಗಕ್ಕೆ ಒಂದು ತೊಟ್ಟು ಬಿಟ್ಟುಕೊಂಡು ನೋಡಿದಾಗ ಹಿತವಾಗಿದ್ದರೆ ಅದೇ ಹದ. ಕುಳಿತುಕೊಳ್ಳಲು ಮಣೆಯೋ ಗಿಡ್ಡ ಸ್ಟೂಲೋ ಇರಲಿ, ಅದರ ಮೇಲೆ ಹಳೆಯ ಪಂಚೆ ಹಾಸಿರಲಿ. ಎಣ್ಣೆ ನೆಲಕ್ಕೆ ಬಿದ್ದರೆ ಒರೆಸುವವರು ಯಾರೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ತಲೆ, ಕಿವಿ, ಪಾದ ಈ ಮೂರಕ್ಕೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ಆಯುರ್ವೇದವೇ ಹೇಳುತ್ತದೆ. ಹೀಗಾಗಿ ಮೊದಲು ನೆತ್ತಿಯ ಮೇಲೆ ಎಣ್ಣೆಯಿಟ್ಟು ಅಂಗೈಯಿಂದ ಮೆಲ್ಲನೆ ತಟ್ಟಬೇಕು. ಆಮೇಲೆ ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿ, ಉಗುರು ತಾಗಿಸದೆ, ಬೆರಳ ತುದಿಯನ್ನು ಊರಿ ಚರ್ಮವೇ ಅಲುಗುವಂತೆ ಆಡಿಸಬೇಕು. ಕೂದಲನ್ನು ಉಜ್ಜುವುದು ಬೇರೆ, ನೆತ್ತಿಯ ಚರ್ಮವನ್ನು ಅಲುಗಿಸುವುದು ಬೇರೆ; ಈ ಭೇದ ತಿಳಿಯದವರು ಗಂಟೆಗಟ್ಟಲೆ ತಿಕ್ಕಿದರೂ ಕೂದಲು ಸಿಕ್ಕಾಗುತ್ತದೆಯೇ ಹೊರತು ತಲೆ ಹಗುರಾಗುವುದಿಲ್ಲ. ಕಿವಿಯ ಒಳಗೆ ಎಣ್ಣೆ ಬಿಡಬೇಡಿ, ಹಾಲೆಯನ್ನೂ ಅದರ ಹಿಂದಿನ ತಗ್ಗನ್ನೂ ತೀಡಿದರೆ ಸಾಕು. ತಲೆಬುರುಡೆ ಕತ್ತಿಗೆ ಸೇರುವ ಎರಡು ಗುಳಿಗಳಲ್ಲಿ ಹೆಬ್ಬೆರಳಿಟ್ಟು ನಿಧಾನವಾಗಿ ಒತ್ತುತ್ತ ಭುಜದವರೆಗೆ ಇಳಿದುಬನ್ನಿ. ಕಂಪ್ಯೂಟರ್ ಮುಂದೆ ಕೂರುವವರ ದಣಿವೆಲ್ಲ ಅಲ್ಲಿ ಗಂಟುಕಟ್ಟಿಕೊಂಡಿರುತ್ತದೆ, ಮುಟ್ಟಿದರೆ ‘ಹಾ’ ಎನ್ನುತ್ತಾರೆ. ಕೈಕಾಲುಗಳನ್ನು ಉದ್ದಕ್ಕೆ ನೀವಬೇಕು, ಮೊಣಕೈ ಮೊಣಕಾಲುಗಳನ್ನು ಸುತ್ತಿಸಿ ತಿಕ್ಕಬೇಕು. ಕೊನೆಗೆ ಅಂಗಾಲು: ಹಿಮ್ಮಡಿಯಿಂದ ಬೆರಳಿನವರೆಗೆ ಹೆಬ್ಬೆರಳನ್ನು ಒತ್ತಿ ಎಳೆದು, ಒಂದೊಂದು ಬೆರಳನ್ನೂ ಹಿಡಿದು ಮೆಲ್ಲಗೆ ಜಗ್ಗಬೇಕು. ಬೇರೊಬ್ಬರು ಹಚ್ಚಿದರೆ ಇನ್ನೂ ಉತ್ತಮ. ಗಂಡ ಹೆಂಡತಿ ಒಬ್ಬರ ತಲೆಗೊಬ್ಬರು ಎಣ್ಣೆ ಹಚ್ಚಿಕೊಳ್ಳುವುದಕ್ಕೆ ಸಂಕೋಚವೇಕೋ ನನಗೆ ತಿಳಿಯದು.

ನಮ್ಮ ಬಸವನಗುಡಿಯ ಹಳೆಯ ಮನೆಯ ಬಚ್ಚಲಿನಲ್ಲಿ ಒಲೆಯ ಮೇಲೆ ಹೂತ ತಾಮ್ರದ ಹಂಡೆಯಿತ್ತು; ತೆಂಗಿನ ಗರಿ, ಕರಟ ಉರಿಸಿ ನೀರು ಕಾಯಿಸುವಷ್ಟು ಹೊತ್ತು ಮೈಗೆ ಎಣ್ಣೆ ಇಳಿಯಲು ತಾನಾಗಿಯೇ ಸಮಯ ಸಿಗುತ್ತಿತ್ತು. ಅತ್ತೆಯವರು ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬಕ್ಕೆ ಆ ಹಂಡೆಯನ್ನು ಹುಣಿಸೆಹಣ್ಣು ಉಪ್ಪು ಹಾಕಿ ತಿಕ್ಕಿ ಬೆಳಗಿಸುತ್ತಿದ್ದರು. ಹುಣಿಸೆಹಣ್ಣಿನಲ್ಲಿ ತಿಕ್ಕಿದ ತಾಮ್ರವನ್ನು ಒಡನೆಯೇ ತೊಳೆದು ಒಣಬಟ್ಟೆಯಲ್ಲಿ ಒರೆಸದಿದ್ದರೆ ಮರುದಿನವೇ ಕಪ್ಪು ಕಲೆ ಏಳುತ್ತದೆ ಎಂಬುದನ್ನು ನಮ್ಮ ಸೊಸೆಗೆ ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಈಗ ಸೋಲಾರ್ ನೀರು ನಲ್ಲಿ ತಿರುಗಿಸಿದರೆ ಬರುವುದರಿಂದ ಕಾಯುವ ಅಭ್ಯಾಸವೇ ತಪ್ಪಿದೆ. ಕನಿಷ್ಠ ಅರ್ಧ ಗಂಟೆಯಾದರೂ ಎಣ್ಣೆ ಮೈಯಲ್ಲಿರಲಿ. ಆ ಹೊತ್ತಿನಲ್ಲಿ ಮೊಬೈಲ್ ಬೇರೆ ಕೋಣೆಯ ಬೀರುವಿನಲ್ಲಿರಲಿ.

ತೊಳೆಯಲು ಸೀಗೆಪುಡಿಯೇ ಬೇಕು. ಬಡಾವಣೆಗಳ ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆ ಬಿಡದೆ ಬಿಳಿ ಜಿಗುಟಾಗಿ ಕೂದಲಿಗೆ ಅಂಟುತ್ತದೆ, ಸೀಗೆಗೆ ಆ ತೊಂದರೆಯಿಲ್ಲ. ಪುಡಿಯನ್ನು ಬರಿಯ ನೀರಿನಲ್ಲಿ ಕಲಸದೆ ಬೆಚ್ಚನೆಯ ಅನ್ನದ ಗಂಜಿಯಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಸ್ವಲ್ಪ ನೆನೆಯಲು ಬಿಟ್ಟರೆ ಕೂದಲು ಒರಟಾಗುವುದಿಲ್ಲ. ಕುಕ್ಕರಿನಲ್ಲಿ ಅನ್ನ ಮಾಡುವವರ ಮನೆಯಲ್ಲಿ ಗಂಜಿಯೆಲ್ಲಿಯದು ಎಂದು ಕೇಳಬೇಡಿ. ವಾರಕ್ಕೊಮ್ಮೆ ಒಂದು ಹಿಡಿ ಅಕ್ಕಿಯನ್ನು ಪಾತ್ರೆಯಲ್ಲಿ ಬೇಯಿಸಿ ಬಸಿಯಲು ಯಾರ ಗಂಟೂ ಹೋಗುವುದಿಲ್ಲ. ಮೈಗೆ ಕಡಲೆಹಿಟ್ಟು ಸಾಕು. ತಲೆಗೆ ಹಾಕುವಾಗ ಕಣ್ಣು ಬಿಗಿಯಾಗಿ ಮುಚ್ಚಿರಲಿ, ಸೀಗೆಯ ಉರಿ ಸಾಮಾನ್ಯವಾದುದಲ್ಲ. ಷವರನ್ನು ಬಿಟ್ಟು ಬಕೆಟ್ಟಿನಿಂದ ಚೊಂಬಿನಲ್ಲಿ ಸುರಿದುಕೊಳ್ಳಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ತರುವ ಕಾವೇರಿ ನೀರನ್ನು ಹಾಗೆಯೇ ಹರಿಯಬಿಡುವುದು ನನಗೆ ಸಹಿಸದು. ಹೊರಬರುವ ಮುನ್ನ ಉಳಿದ ಸೀಗೆಯನ್ನು ನೆಲಕ್ಕೆ ಹಾಕಿ ಪೊರಕೆಯಿಂದ ತಿಕ್ಕದಿದ್ದರೆ ಮುಂದೆ ಹೋಗುವ ಹಿರಿಯರ ಸೊಂಟಕ್ಕೆ ಅಪಾಯ. ಎಣ್ಣೆಯ ಟವಲನ್ನು ಬೇರೆ ಬಟ್ಟೆಗಳ ಜೊತೆ ಮೆಷಿನ್ನಿಗೆ ತುರುಕಬೇಡಿ.

ಜ್ವರ, ನೆಗಡಿ ಇರುವಾಗ ಅಥವಾ ಊಟವಾದ ಕೂಡಲೇ ಎಣ್ಣೆ ಸ್ನಾನ ಬೇಡ. ಸ್ನಾನವಾದ ಮೇಲೆ ಬಿಸಿ ಅನ್ನಕ್ಕೆ ಮೆಣಸಿನ ಸಾರು, ತುಪ್ಪ ಹಾಕಿಕೊಂಡು ಊಟ ಮಾಡಿ, ಎಷ್ಟೇ ತೂಕಡಿಸಿದರೂ ಹಗಲು ಮಲಗದೆ ತಾರಸಿಯ ಬಿಸಿಲಿನಲ್ಲಿ ಕೂದಲು ಒಣಗಿಸಿಕೊಂಡರೆ ರಾತ್ರಿಯ ನಿದ್ದೆ ಗಟ್ಟಿಯಾಗುತ್ತದೆ. ವಾರದ ನಡುವೆ ಇಷ್ಟಕ್ಕೆ ಬಿಡುವಿಲ್ಲದವರು ಮಲಗುವ ಮುನ್ನ ಅಂಗಾಲಿಗೆ ಮಾತ್ರ ಬೆಚ್ಚನೆಯ ಎಳ್ಳೆಣ್ಣೆ ತಿಕ್ಕಿ ಕಾಲುಚೀಲ ಹಾಕಿಕೊಳ್ಳಬಹುದು. ಚೀಲ ಹಳೆಯದಾಗಿರಲಿ, ಆಫೀಸಿಗೆ ಹಾಕುವ ಜೊತೆಯನ್ನು ಎಣ್ಣೆ ಮಾಡಿಕೊಂಡು ಬಂದು, ಕಲೆ ಹೇಗೆ ತೆಗೆಯುವುದೆಂದು ನನ್ನ ಮುಂದೆ ಹಿಡಿಯಬೇಡಿ.