ಖುಲಾಸೆ ತೀರ್ಪುಗಳಿಂದ ಪೊಲೀಸ್ ತನಿಖೆ ಕಲಿತದ್ದು: ನನ್ನ ಅನುಭವ

ಅಪರಾಧಶಾಸ್ತ್ರದ ಎಂ.ಎ.ಯಲ್ಲಿ ಪೊಲೀಸ್ ತನಿಖೆಯ ಮೇಲೆ ಕಿರುಪ್ರಬಂಧ ಬರೆಯುವವರು ಪ್ರಶ್ನಾವಳಿ ಹಿಡಿದು ಠಾಣೆಗೆ ಹೋಗುವುದು ರೂಢಿ. ನಾನೂ ಮೊದಲು ಹಾಗೆಯೇ ಹೋದೆ. ಜೆರಾಕ್ಸ್, ಬಸ್ ಚಾರ್ಜು ಸೇರಿ ಮೂರು ಸಾವಿರದಷ್ಟು ರೂಪಾಯಿ ಕರಗಿತು. ಬಂದೋಬಸ್ತಿನ ನಡುವೆ ಸಿಬ್ಬಂದಿ ತುಂಬಿಕೊಟ್ಟ ಹಾಳೆಗಳಲ್ಲೆಲ್ಲ, ಮಹಜರನ್ನು (ಸ್ಥಳ ಪರಿಶೀಲನೆ, ಜಪ್ತಿಯ ದಾಖಲೆ) ಸ್ಥಳದಲ್ಲಿಯೇ ಬರೆಯುತ್ತೇವೆ, ಎಲ್ಲವೂ ನಿಯಮದಂತೆ ಎಂಬ ಒಂದೇ ಉತ್ತರವಿತ್ತು.

ಆಮೇಲೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಧಾರವಾಡ, ಬೆಳಗಾವಿ ಜಿಲ್ಲಾ ನ್ಯಾಯಾಲಯಗಳ ಖುಲಾಸೆ ತೀರ್ಪುಗಳನ್ನು ಇಳಿಸಿಕೊಂಡು, ತನಿಖೆಯನ್ನು ಕೊನೆಯಿಂದ ಹಿಂದಕ್ಕೆ ಓದತೊಡಗಿದೆ. ಇದು ಎಲ್‌ಎಲ್‌ಬಿಯವರ ಕೆಲಸವೆಂದು ಸಹಪಾಠಿಗಳು ನಕ್ಕರು. ಮಾರ್ಗದರ್ಶಕರು ಅರೆಮನಸ್ಸಿನಿಂದ ಒಪ್ಪಿದರು. ಪ್ರತಿ ತೀರ್ಪಿನಿಂದ ಕೃತ್ಯ ನಡೆದ ಹೊತ್ತು, ಎಫ್‌ಐಆರ್ ದಾಖಲಾದ ಹೊತ್ತು, ಅದು ಮ್ಯಾಜಿಸ್ಟ್ರೇಟರ ಕೈಸೇರಿದ ಹೊತ್ತು ಇವನ್ನು ತೆಗೆದು, ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕುವ ಪಂಚರ ಪಾಟೀಸವಾಲಿನ, ಎಂದರೆ ಎದುರು ವಕೀಲರ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳ, ಪಕ್ಕದಲ್ಲಿಟ್ಟೆ. ಠಾಣೆಯಲ್ಲಿ ಸಹಿ ಮಾಡಿದೆ, ಒಳಗೇನು ಬರೆದಿತ್ತೋ ತಿಳಿಯದು ಎಂದು ಪಂಚರು ತಿರುಗಿಬಿದ್ದ ಪ್ರಕರಣಗಳು, ನೆನಪಿನಿಂದ ಹೇಳುವುದಾದರೆ, ನಾನು ಓದಿದವುಗಳಲ್ಲಿ ಅರ್ಧದಷ್ಟಿದ್ದವು. ಪ್ರಶ್ನಾವಳಿ ಮುಚ್ಚಿಟ್ಟದ್ದನ್ನು ತನಿಖಾಧಿಕಾರಿಯ ಪಾಟೀಸವಾಲು ಬಿಚ್ಚಿಟ್ಟಿತ್ತು. ಇಂಥ ತೀರ್ಪುಗಳನ್ನು ಬೇಗ ಹೆಕ್ಕಲು ನಾನು ಬಳಸಿದ ಹುಡುಕುಪದಗಳನ್ನು ಮಾತ್ರ ಇಲ್ಲಿ ಬರೆಯಲಾರೆ. ಅವು ನನ್ನ ಮುಂದಿನ ಲೇಖನಕ್ಕೆ ಮೀಸಲು.

2024ರ ಜುಲೈ 1ಕ್ಕಿಂತ ಹಿಂದಿನ ಕೃತ್ಯಗಳಿಗೆ ಅಪರಾಧ, ಶಿಕ್ಷೆಗಳ ಹಳೆಯ ಕಾನೂನಾದ ಐಪಿಸಿಯೇ ಅನ್ವಯಿಸುವುದರಿಂದ ಹಳೆಯ ಮತ್ತು ಹೊಸ ಕಲಂಗಳೆರಡೂ ಬಾಯಿಗೆ ಬರಬೇಕು. ತನಿಖೆಯ ಕ್ರಮವನ್ನು ಹೇಳುವ ಹೊಸ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 105ನೇ ಕಲಂ ಜಪ್ತಿಯನ್ನು, ಪಟ್ಟಿ ಬರೆದು ಸಾಕ್ಷಿಗಳು ಸಹಿ ಹಾಕುವವರೆಗೂ, ವಿಡಿಯೊದಲ್ಲಿ ದಾಖಲಿಸಬೇಕೆನ್ನುತ್ತದೆ. ಅದನ್ನು ಹಾಸ್ಟೆಲ್ ಕೋಣೆಯಲ್ಲಿ ಗೆಳೆಯರನ್ನೇ ಪಂಚರನ್ನಾಗಿಸಿ ಆಡಿ ನೋಡಿದೆವು. ಫೋನ್ ಹಿಡಿದವನಿಗೆ ಪಟ್ಟಿ ಬರೆಯಲಾಗದು, ಬರೆಯುವವನು ಚೌಕಟ್ಟಿನಾಚೆ ಸರಿದುಬಿಡುತ್ತಾನೆ, ಅರ್ಧ ಗಂಟೆಯೊಳಗೆ ಫೋನಿನ ಜಾಗ ತುಂಬಿತು. ಒಬ್ಬ ಪಿಎಸ್‌ಐ, ಒಬ್ಬ ಕಾನ್‌ಸ್ಟೇಬಲ್ ಹೋದ ಕಡೆ ಇದು ಹೇಗೆ ನಡೆದೀತೆಂಬುದನ್ನು ಪ್ರಬಂಧದ ಅನುಬಂಧದಲ್ಲಿ ಬರೆದೆ.

ಈ ಎರಡನೆಯ ವಿಧಾನಕ್ಕೆ ಡೇಟಾ ಪ್ಯಾಕ್ ಮತ್ತು ಬೈಂಡಿಂಗ್ ಸೇರಿ ಸಾವಿರ ರೂಪಾಯಿಯೂ ತಗುಲಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಪಂಚರ ಅಧ್ಯಾಯವನ್ನೇ ಹಿಡಿದು ಬಹಳ ಹೊತ್ತು ಪ್ರಶ್ನಿಸಿದರು, ಅಂಕವೂ ತರಗತಿಯಲ್ಲಿ ಎಲ್ಲರಿಗಿಂತ ಮೇಲೆ ಬಂತು. ನಕ್ಕಿದ್ದವರಲ್ಲಿ ಇಬ್ಬರು ಈಗ ನನ್ನ ಕೋಷ್ಟಕದ ನಮೂನೆಯನ್ನು ಕೇಳಿ ಪಡೆದಿದ್ದಾರೆ. ಹೊಸ ಸಂಹಿತೆಯಡಿ ದಾಖಲಾದ ಪ್ರಕರಣಗಳ ತೀರ್ಪುಗಳನ್ನು ಅದರಲ್ಲಿಯೇ ತುಂಬಿಸುತ್ತಿದ್ದೇವೆ.